ಪೆಟ್ಟಿಗೆಯೊಳಗಿನ ಮೊದಲ ಪಾಳಿ

ಮನೆಯಲ್ಲಿ ನನ್ನ ಹೊರತು ಯಾರೂ ಇಲ್ಲದಾಗಲೂ ಬಚ್ಚಲುಮನೆಯ ಚಿಲಕ ಹಾಕಿಕೊಂಡೇ ಸ್ನಾನ ಮಾಡುವವರ ಪೈಕಿ ನಾನು. ಹೆಂಡತಿ ಗಿರಿಜಾ ತವರಿಗೆ ಹೋಗಿರುತ್ತಾಳೆ, ಹೊರಬಾಗಿಲಿಗೆ ಅಗಳಿ ಬಿದ್ದಿರುತ್ತದೆ, ಬೆಕ್ಕು ಕೂಡ ಒಳಗೆ ಬರುವ ಸಂಭವ ಇರುವುದಿಲ್ಲ. ಆದರೂ ಕೈ ತಾನಾಗಿ ಚಿಲಕದ ಕಡೆ ಹೋಗುತ್ತದೆ. ಯಾರನ್ನು ತಡೆಯುವುದಕ್ಕೆ ಎಂದು ಗಿರಿಜಾ ಒಮ್ಮೆ ಕೇಳಿದಳು. ಸಭ್ಯತೆ ಎಂದೆ. ಒಬ್ಬರೇ ಇರುವಾಗ ಯಾರ ಎದುರಿನ ಸಭ್ಯತೆ ಎಂದು ಮತ್ತೆ ಕೇಳಿದಳು. ನೋಡುವವರು ಯಾರೂ ಇಲ್ಲದಾಗ ನಿಯಮ ಪಾಲಿಸಬೇಕೋ ಬೇಡವೋ ಎಂಬುದು ದೊಡ್ಡವರು ತಲೆ ಕೆಡಿಸಿಕೊಳ್ಳಬೇಕಾದ ವಿಷಯ, ನನ್ನಂಥವನ ಅಳವಿನದಲ್ಲ ಎಂದುಕೊಂಡು ಅಲ್ಲಿಗೇ ಬಿಟ್ಟೆ. ಆದರೆ ಕಳೆದ ಹಂಗಾಮಿನಲ್ಲಿ ಅದೇ ಪ್ರಶ್ನೆ ನನ್ನ ಕೆಲಸದ ಮೇಜಿನ ಮೇಲೆ ಬಂದು ಕೂತಿತು. ಅಲ್ಲಿಂದ ಎದ್ದು ನಮ್ಮೂರು ಮೇಲವಂಕಿಯ ಬಾವಿಗೆ ಹೋಯಿತು. ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋಯಿತು.

ಮೊದಲು ನನ್ನ ಉದ್ಯೋಗದ ಬಗ್ಗೆ ಹೇಳಬೇಕು. ಹೇಳದಿದ್ದರೆ ಯಾರಿಗೂ ಅರ್ಥವಾಗುವುದಿಲ್ಲ. ಹೇಳಿದರೂ ಇದುವರೆಗೆ ಯಾರಿಗೂ ಅರ್ಥವಾಗಿಲ್ಲ. ಮೂಡಲಗಿಯ ಪೇಟೆಯಲ್ಲಿ ಒಂದು ಕಬ್ಬಿಣದ ಅಂಗಡಿಯ ಮೇಲೆ ಎರಡು ಖೋಲಿಯ ನಮ್ಮ ಕಂಪನಿ ಇದೆ. ಹೊಲದ ಪಂಪುಗಳನ್ನು ತಾನಾಗಿ ನಡೆಸುವ ಪೆಟ್ಟಿಗೆ ತಯಾರಿಸುವುದು ಅದರ ವ್ಯವಹಾರ. ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಕಂಪ್ಯೂಟರ್, ಆ ಕಂಪ್ಯೂಟರಿನೊಳಗೆ ಕರ್ನಲ್. ಯಾರಿಗೆ ಯಾವಾಗ ಯಾವ ಕೆಲಸ ಎಂದು ಯಂತ್ರದ ಒಡಲಲ್ಲಿ ಕೂತು ಹಂಚುವ ಯಜಮಾನನೇ ಈ ಕರ್ನಲ್. ಹೊರಗೆ ಕಾಣುವ ಪರದೆ, ಗುಂಡಿಗಳೆಲ್ಲ ಅದು ಹೇಳಿದಂತೆ ಕೇಳುತ್ತವೆ. ಆ ಯಜಮಾನನಿಗೆ ನಮ್ಮ ಮೋಟರು, ವಾಲ್ವುಗಳ ಪರಿಚಯ ಮಾಡಿಸುವ ಕೋಡು ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಗೋಕಾಕದ ಮನೆಯ ಮಾಳಿಗೆಯ ಖೋಲಿಯಲ್ಲಿ ಕೂತು ನಾನು ಬರೆಯುತ್ತೇನೆ; ಹುಕ್ಕೇರಿಯ ತಮ್ಮ ಮನೆಯಲ್ಲಿ ಕೂತು ಪದ್ಮಾ ಮೇಡಂ ಅದನ್ನು ತಿದ್ದುತ್ತಾರೆ. ಅವರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಮನೆಯವರೊಡನೆ ಮರಾಠಿ, ನನ್ನೊಡನೆ ಕನ್ನಡ, ನನ್ನ ಕೋಡು ನೋಡಿದ ಮೇಲೆ ಸ್ವಲ್ಪ ಹೊತ್ತು ಎರಡೂ ಇಲ್ಲ. ನೆಂಟರ ಲೆಕ್ಕದಲ್ಲಿ ಮಾತ್ರ ನಾನು ಕಂಪ್ಯೂಟರ್ ರಿಪೇರಿಯವನು. ಮದುವೆ ಮನೆಗಳಲ್ಲಿ ನನ್ನನ್ನು ಒಳಗೆ ಕರೆದು ಕೆಟ್ಟ ಪ್ರಿಂಟರ್ ತೋರಿಸುತ್ತಾರೆ, ನಾನೂ ಅದನ್ನು ಗಂಭೀರವಾಗಿ ನೋಡಿ ತಲೆ ಅಲ್ಲಾಡಿಸಿ ಊಟಕ್ಕೆ ಹೋಗುತ್ತೇನೆ.

ಈ ಕರ್ನಲ್ಲಿನಲ್ಲಿ ಲಾಕ್ ಎಂಬುದೊಂದಿದೆ. ಒಂದೇ ಮಾಹಿತಿಯನ್ನು ಇಬ್ಬರು ಒಂದೇ ಗಳಿಗೆಯಲ್ಲಿ ತಿದ್ದಲು ಹೋದರೆ ಅದು ಇಬ್ಬರದೂ ಆಗದೆ ಕೆಟ್ಟುಹೋಗುತ್ತದೆ. ಅದಕ್ಕೇ ಲಾಕ್ ಹಿಡಿದವನು ಮುಟ್ಟಬೇಕು, ಉಳಿದವರು ಕಾಯಬೇಕು. ಇದನ್ನು ನನಗೆ ಯಾವ ಕಾಲೇಜೂ ಕಲಿಸಬೇಕಾಗಿರಲಿಲ್ಲ, ನಮ್ಮ ಬಾವಿಯ ಮೇಲೆ ಮೊದಲೇ ಕಲಿತಿದ್ದೆ. ಮೇಲವಂಕಿಯಲ್ಲಿ ನಮ್ಮ ಅಪ್ಪ ಮತ್ತು ದೊಡ್ಡಪ್ಪ ಕೂಡಿ ತೋಡಿಸಿದ ಬಾವಿ ಅದು. ಅವರಿಬ್ಬರೂ ಹೋದ ಮೇಲೆ ನಾನು ಮತ್ತು ದೊಡ್ಡಪ್ಪನ ಮಗ ಮಲ್ಲಣ್ಣ ಅದರ ಪಾಲುದಾರರು. ಒಂದು ಬಾವಿ, ಒಂದು ಮೋಟರು, ಎರಡು ಕಬ್ಬಿನ ಹೊಲ. ನೀರು ಪಾಳಿಯ ಪ್ರಕಾರ, ಒಂದು ಸರದಿ ಅವರಿಗೆ, ಒಂದು ಸರದಿ ನಮಗೆ. ಪಂಪಿನ ಖೋಲಿಯ ಸ್ಟಾರ್ಟರಿಗೆ ಒಂದು ಬೀಗ, ಬೀಗಕ್ಕೆ ಒಂದೇ ಕೀಲಿಕೈ. ಕೀಲಿಕೈ ಯಾರ ಉಡದಾರದಲ್ಲಿದೆಯೋ ಪಾಳಿ ಅವರದು. ಅದಿಲ್ಲದವರು ಸ್ಟಾರ್ಟರನ್ನಷ್ಟೇ ಅಲ್ಲ, ಬಯಲಿನಲ್ಲಿ ತೆರೆದೇ ಇರುವ ವಾಲ್ವುಗಳನ್ನೂ ಮುಟ್ಟುವಂತಿಲ್ಲ.

ಇಂಥ ನಿಯಮ ಜಗಳದಿಂದ ಹುಟ್ಟಿರಬೇಕು ಎಂದು ಯಾರಾದರೂ ತಿಳಿಯುತ್ತಾರೆ. ನಮ್ಮದು ಪ್ರೀತಿಯಿಂದ ಹುಟ್ಟಿತು. ಒಂದು ಬೇಸಿಗೆಯಲ್ಲಿ ಅಣ್ಣನ ಕಬ್ಬು ಒಣಗುತ್ತಿದೆಯಲ್ಲ ಎಂದು ಅಪ್ಪನಿಗೆ ಅನ್ನಿಸಿ, ನೀರೆಲ್ಲ ಅತ್ತ ಹೋಗಲಿ ಎಂದು ಯಾರಿಗೂ ಹೇಳದೆ ನಮ್ಮ ಕಡೆಯ ವಾಲ್ವ್ ಮುಚ್ಚಿದರು. ಅದೇ ಹೊತ್ತಿಗೆ ಹೊಲದ ಆ ತುದಿಯಲ್ಲಿ ದೊಡ್ಡಪ್ಪ, ಪಾಪ ತಮ್ಮನ ಕಬ್ಬು ಒಣಗುತ್ತಿದೆ ಎಂದು, ಅವರೂ ಯಾರಿಗೂ ಹೇಳದೆ ತಮ್ಮ ಕಡೆಯದನ್ನು ಮುಚ್ಚಿದರು. ಮೋಟರು ಮಾತ್ರ ನಡೆದೇ ಇತ್ತು. ಪೈಪು ಒಡೆದು ನೀರೆಲ್ಲ ಕಣಿಕೆಯ ಬಣಿವೆಯ ಮೇಲೆ ಬಿದ್ದು, ದನಕ್ಕೆ ಇಟ್ಟ ಮೇವು ಕೊಳೆತುಹೋಯಿತು. ಒಬ್ಬರನ್ನೊಬ್ಬರು ಬೈಯಬೇಕೆಂದರೂ ಇಬ್ಬರಿಗೂ ಬಾಯಿ ಬರಲಿಲ್ಲ. ಆಗ ಅವರ ಕಿರಿಯ ತಮ್ಮ ಶಿವಲಿಂಗ ಕಾಕಾ ಪೇಟೆಗೆ ಹೋಗಿ ಬೀಗ ತಂದರು. ಅಕ್ಕರೆ ಎಷ್ಟಾದರೂ ಇಟ್ಟುಕೊಳ್ಳಿ, ಕೈ ಹಾಕುವ ಮುಂದೆ ಕೀಲಿಕೈ ಇಟ್ಟುಕೊಳ್ಳಿ ಎಂದು ಅಣ್ಣಂದಿರಿಬ್ಬರಿಗೂ ಹೇಳಿದರು.

ಕಾಕಾ ಮದುವೆಯಾಗಲಿಲ್ಲ. ತಮ್ಮ ಪಾಲಿನ ಹೊಲವನ್ನು ಎರಡೂ ಮನೆಗೆ ಬಿಟ್ಟುಕೊಟ್ಟು ಈ ನಿಯಮ ಕಾಯುವುದನ್ನು ಮಾತ್ರ ತಮಗೆ ಇಟ್ಟುಕೊಂಡರು. ಪಂಪಿನ ಖೋಲಿಯ ಮುಂದೆ ಹೊರಸು ಹಾಕಿಕೊಂಡು ಕೂತಿರುತ್ತಾರೆ. ನೀವು ವಾಲ್ವನ್ನು ಎತ್ತ ತಿರುಗಿಸುತ್ತೀರಿ, ಯಾಕೆ ತಿರುಗಿಸುತ್ತೀರಿ, ಅದರಿಂದ ಒಳ್ಳೆಯದೋ ಕೆಟ್ಟದ್ದೋ, ಇದ್ಯಾವುದನ್ನೂ ಅವರು ಕೇಳುವುದಿಲ್ಲ. ನಿಮ್ಮ ಸೊಂಟ ನೋಡುತ್ತಾರೆ. ಅಲ್ಲಿ ಕೀಲಿಕೈ ಇದ್ದರೆ ಕಣ್ಣು ಮುಚ್ಚುತ್ತಾರೆ, ಇಲ್ಲದಿದ್ದರೆ ಕೆಮ್ಮುತ್ತಾರೆ. ಒಮ್ಮೆ ಪಾಳಿ ಬದಲಾಗುವ ನಡುವೆ ಕೀಲಿಕೈಯನ್ನು ತಮ್ಮ ಉಡದಾರಕ್ಕೆ ಕಟ್ಟಿಕೊಂಡು, ಹಾಗೆಯೇ ಮರೆತು ಹುಕ್ಕೇರಿಗೆ ಮದುವೆಗೆ ಹೋದರು. ಅಲ್ಲಿ ಬೀಗರು ಬಿಡಲಿಲ್ಲ. ಉಂಡರು, ಮಲಗಿದರು, ಮರುದಿನವೂ ಉಂಡು ಮಲಗಿದರು. ಇತ್ತ ಕರೆಂಟು ಬಂತು, ಹೋಯಿತು, ಎರಡೂ ಹೊಲ ಒಣಗಿದವು. ಬೀಗ ಒಡೆಯೋಣ ಎಂದು ನಾನಾಗಲಿ ಮಲ್ಲಣ್ಣನಾಗಲಿ ಬಾಯಿ ಬಿಟ್ಟು ಅನ್ನಲಿಲ್ಲ.

ಹೀಗಿರುವಾಗ ನಮ್ಮ ಕಂಪನಿಯ ಹೊಸ ಪೆಟ್ಟಿಗೆಯನ್ನು ಮೊದಲು ನಮ್ಮ ಬಾವಿಗೇ ಕೂರಿಸೋಣ ಎಂದು ನಾನು ಹೊರಟೆ. ಎರಡು ಮನೆಗೂ ಅನುಕೂಲ, ಕಾಕಾನಿಗೂ ವಿಶ್ರಾಂತಿ ಎಂದು ಎಲ್ಲರಿಗೂ ಹೇಳಿದೆ. ಪಾಳಿಯ ದಿನ ಬೆಳಿಗ್ಗೆ ಗೋಕಾಕದಿಂದ ಬೈಕ್ ಹೊಡೆದುಕೊಂಡು ಮೇಲವಂಕಿಗೆ ಹೋಗುವುದು ನನ್ನ ಬೆನ್ನಿಗೆ ಸಾಕಾಗಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಪೆಟ್ಟಿಗೆಗೆ ಇನ್ನೊಂದು ಕಾರಣವೂ ಇತ್ತು, ಅದು ನಿಜವಾದದ್ದು. ಮಲ್ಲಣ್ಣನ ಹೆಂಡತಿ ಶಾಂತಾ ವೈನಿ, ನಮ್ಮದು ಬೇರೆ ಬೋರ್ ಹಾಕಿಸಿಕೊಂಡರೆ ಈ ಕಾಯುವ ಕೆಲಸವೇ ಇರುವುದಿಲ್ಲ ಎಂದು ಒಂದೆರಡು ಸಲ ಅಂದಿದ್ದರು. ಬೇರೆ ಬೋರ್ ಅಂದರೆ ಬೇರೆ ಮೋಟರು, ಬೇರೆ ದಾರಿ, ನಿಧಾನವಾಗಿ ಬೇರೆ ಮಾತು. ಆ ಬಾವಿಯಲ್ಲಿ ಮಲ್ಲಣ್ಣ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸಿದ್ದ. ನನಗೆ ಒಡಹುಟ್ಟಿದ ಅಣ್ಣ ಇಲ್ಲ, ಇರುವವನು ಅವನೇ. ಬಾವಿ ಬೇರೆಯಾಗುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ಪೆಟ್ಟಿಗೆ ಚೆನ್ನಾಗಿ ನಡೆದರೆ ಆ ಮಾತು ತಾನಾಗಿ ನಿಲ್ಲುತ್ತದೆ ಎಂದು ನಂಬಿದ್ದೆ.

ಕೋಡು ಬರೆದೆ. ಈಗ ಯಾರ ಪಾಳಿ ಎಂಬುದನ್ನು ನೆನಪಿಡಲು ಒಂದು ಜಾಗ, ಅದನ್ನು ಕಾಯಲು ಒಂದು ಲಾಕ್. ಈಚೆಗೆ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರಿಗೆ ಹೊಸ ವಿದ್ಯೆಯೊಂದು ಬಂದಿದೆ. ಈ ಜಾಗವನ್ನು ಈ ಲಾಕ್ ಕಾಯುತ್ತದೆ ಎಂದು ಒಮ್ಮೆ ಬರೆದುಬಿಟ್ಟರೆ, ಅದು ಕೋಡನ್ನು ಓಡಿಸದೆಯೇ ಬರೀ ಓದಿ, ಎಲ್ಲೆಲ್ಲಿ ಲಾಕ್ ಹಿಡಿಯದೆ ಆ ಜಾಗ ಮುಟ್ಟಿದ್ದೀರಿ ಎಂದು ಹೇಳುತ್ತದೆ. ಏನು ನಡೆಯುತ್ತದೆ ಎಂಬುದು ಅದಕ್ಕೆ ಬೇಡ. ಸೊಂಟ ನೋಡುತ್ತದೆ, ಅಷ್ಟೇ. ನನ್ನ ಕೋಡಿನಲ್ಲಿ ಅದು ಹಿಡಿದ ಸಾಲು ಯಾವುದು ನೋಡಿ: ಪೆಟ್ಟಿಗೆ ಜೀವ ತಳೆಯುವಾಗ ಪಾಳಿಯ ಜಾಗಕ್ಕೆ ಮೊದಲ ಬೆಲೆ, ಅಂದರೆ ಶುರುವಿನ ಅಂಕಿ, ಇಡುವ ಸಾಲು. ಆಗ ಈ ವಸ್ತು ಹುಟ್ಟಿಯೇ ಇಲ್ಲ. ಅದು ಇದೆ ಎಂದು ಕರ್ನಲ್ಲಿನಲ್ಲಿ ಇನ್ನೊಬ್ಬರಿಗೆ ಗೊತ್ತೇ ಇಲ್ಲ. ಲಾಕ್ ಸಹಿತ ಆಗತಾನೇ ಕಣ್ಣು ಬಿಡುತ್ತಿದೆ. ಬರುವವರು ಯಾರು, ತಡೆಯಬೇಕಾದ್ದು ಯಾರನ್ನು? ಆದರೂ ಹಳದಿ ಅಕ್ಷರದಲ್ಲಿ ಎಚ್ಚರಿಕೆ: ಲಾಕ್ ಹಿಡಿಯದೆ ಬರೆಯುತ್ತಿದ್ದೀರಿ. ಗಿರಿಜಾ ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಕಂಪೈಲರಿಗೆ ಕೇಳಿದೆ. ಅದು ಕಾಕಾನ ಹಾಗೆ ಕೆಮ್ಮುತ್ತಲೇ ಇತ್ತು.

ಹಾಳಾಗಿ ಹೋಗಲಿ ಎಂದು ಮೊದಲ ಬೆಲೆ ಇಡುವಾಗಲೂ ಲಾಕ್ ಹಿಡಿದೆ. ಎಚ್ಚರಿಕೆ ನಿಂತಿತು, ಇನ್ನೊಂದು ರಗಳೆ ಶುರುವಾಯಿತು. ಆ ನಡುವೆ, ಶುರುವಿಗೆ ಮುಚ್ಚಬೇಕಾದ ವಾಲ್ವುಗಳು ಪೂರ್ತಿ ಮುಚ್ಚಿಕೊಳ್ಳುವತನಕ ನನ್ನ ಕೋಡು ಸ್ವಲ್ಪ ನಿದ್ದೆ ಮಾಡಿ ಕಾಯಬೇಕು. ಈ ಬಗೆಯ ಲಾಕ್ ಹಿಡಿದುಕೊಂಡು ನಿದ್ದೆ ಹೋಗುವಂತಿಲ್ಲ. ಹೋದರೆ ಕಾಯುವವರೆಲ್ಲ ಕಾಯುತ್ತಲೇ ಉಳಿಯುತ್ತಾರೆ. ಹುಕ್ಕೇರಿಯ ಮದುವೆ ಕಂಡಿದ್ದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಲಾಕ್ ತೆಗೆದೆ. ಬದಲಿಗೆ ಆ ಇಡೀ ಭಾಗದ ತಲೆಯ ಮೇಲೆ, ಇಲ್ಲಿ ಪರಿಶೀಲನೆ ಬೇಡ ಎಂದು ಒಂದು ಪದ ಬರೆದೆ. ಕಂಪೈಲರ್ ಮರುಮಾತಿಲ್ಲದೆ ಕಣ್ಣು ಮುಚ್ಚಿಕೊಂಡಿತು. ನಾನು ಚಹಾ ಕುಡಿದು ಹುಕ್ಕೇರಿಗೆ ಕಳಿಸಿದೆ. ಪದ್ಮಾ ಮೇಡಂ ಫೋನ್ ಮಾಡಿದರು. ನಾನು ನನ್ನ ವಾದ ಹೂಡಿದೆ: ಅಲ್ಲಿ ಯಾರೂ ಇರುವುದೇ ಇಲ್ಲ, ಹುಟ್ಟದ ಕೂಸಿಗೆ ಕುಲಾವಿ ಯಾಕೆ, ಇತ್ಯಾದಿ. ಅವರು ಪೂರ್ತಿ ಕೇಳಿಸಿಕೊಂಡರು.

“ಸರ್, ಯಾರೂ ಇರಂಗಿಲ್ಲ ಅನ್ನೂದು ಖರೆ. ಆದ್ರ ಎಲ್ಲಿಂದ ಎಲ್ಲೀತನಕ ಇರಂಗಿಲ್ಲ, ಅಷ್ಟು ಅದಕ್ಕ ಹೇಳ್ರಿ. ಪೂರಾ ಕಣ್ಣ ಕಟ್ಟಬ್ಯಾಡ್ರಿ.”

ಅದಕ್ಕೂ ಒಂದು ದಾರಿ ಇತ್ತು. ಕೋಡಿನಲ್ಲಿ ಒಂದು ಸಣ್ಣ ಆವರಣ ಹಾಕಿ, ಈ ಆವರಣದೊಳಗೆ ವಸ್ತು ಇನ್ನೂ ಹುಟ್ಟುತ್ತಿದೆ, ನನ್ನ ಹೊರತು ಯಾರೂ ಇದನ್ನು ಕಂಡಿಲ್ಲ, ಆದ್ದರಿಂದ ಲಾಕ್ ನನ್ನ ಕೈಯಲ್ಲೇ ಇದೆ ಎಂದು ತಿಳಿದುಕೋ ಎಂದು ಕಂಪೈಲರಿಗೆ ಹೇಳಬಹುದು. ನಿಜಕ್ಕೂ ಲಾಕ್ ಹಿಡಿಯುವುದೇನಿಲ್ಲ, ಹಿಡಿದ ಹಾಗೆ ಎಂಬ ಕರಾರು. ಆವರಣ ಮುಗಿದಲ್ಲಿಗೆ ಆ ರಿಯಾಯಿತಿಯೂ ಮುಗಿಯುತ್ತದೆ. ಹಾಗೆ ಮಾಡಿ, ಕಣ್ಣು ಮುಚ್ಚಿಸುವ ಪದ ತೆಗೆದೆ. ಮೇಲಿನ ಎಚ್ಚರಿಕೆಗಳೆಲ್ಲ ಹೋದವು, ಆದರೆ ಕೆಳಗೆ, ಆವರಣದ ಆಚೆ, ಹೊಸದೊಂದು ಬಂತು. ಪೆಟ್ಟಿಗೆ ಸಿದ್ಧವಾಗಿದೆ, ಬಳಸಬಹುದು ಎಂದು ನಾನು ಕರ್ನಲ್ಲಿಗೆ ಸಾರಿದ ಮೇಲೆ, ಇನ್ನೂ ಒಂದು ಸಾಲಿನಲ್ಲಿ ಪಾಳಿಯನ್ನು ತಿದ್ದುತ್ತಿದ್ದೆ. ಯಾರೂ ನೋಡುತ್ತಿಲ್ಲ ಎಂದು ನಾನು ತಿಳಿದಿದ್ದ ಆ ಗಳಿಗೆಯಲ್ಲಿ ಎಲ್ಲರೂ ನೋಡಬಹುದಾಗಿತ್ತು. ಆಗಲೇ ಯಾರಾದರೂ ಗುಂಡಿ ಒತ್ತಿದ್ದರೆ ಎರಡೂ ವಾಲ್ವ್ ಮುಚ್ಚಿ ಮೋಟರು ನಡೆಯುತ್ತಿತ್ತು. ಅಪ್ಪ, ದೊಡ್ಡಪ್ಪ ಪ್ರೀತಿಯಿಂದ ಒಡೆದ ಪೈಪನ್ನು ನಾನು ಅಸಡ್ಡೆಯಿಂದ ಒಡೆಯುವವನಿದ್ದೆ. ಸಾಲನ್ನು ಆವರಣದೊಳಗೆ ಒಯ್ದೆ. ಕಂಪೈಲರ್ ತೆಪ್ಪಗಾಯಿತು, ಹುಕ್ಕೇರಿಯಿಂದ ಒಪ್ಪಿಗೆ ಬಂತು.

ಒಂದೂ ಎಚ್ಚರಿಕೆ ಇಲ್ಲದ ಕೋಡು ಬರೆದವನ ಗರ್ವ ನಿಮಗೆ ಗೊತ್ತಿಲ್ಲದಿದ್ದರೆ ಒಳ್ಳೆಯದೇ. ನಾನು ಪೇಟೆಗೆ ಹೋಗಿ ಕರದಂಟು ತಂದೆ. ಗಿರಿಜಾ ಅದನ್ನು ಕತ್ತರಿಸಿ ಎಲ್ಲರಿಗಿಂತ ಕಡೆಗೆ ತಾನು ತೆಗೆದುಕೊಂಡಳು. ಇದು ನಮ್ಮ ಮನೆತನದ ರೂಢಿ. ಹಂಚುವ ಕೈ ಕಡೆಗೆ ತೆಗೆದುಕೊಳ್ಳಬೇಕು. ಬೆಲ್ಲವಿರಲಿ, ಹೊಲವಿರಲಿ, ಮಾವಿನ ಹಣ್ಣಿರಲಿ. ಚಿಕ್ಕವರಿದ್ದಾಗ ಕರದಂಟು ಕತ್ತರಿಸುವ ಪಾಳಿ ನನಗೆ ಬಂದರೆ, ನಾನು ಅದರ ಒಂದೊಂದು ಗೋಡಂಬಿಯನ್ನೂ ಅಳೆದು ಅರ್ಧ ಮಾಡುತ್ತಿದ್ದೆ, ಯಾಕೆಂದರೆ ಮೊದಲು ಆರಿಸುವವನು ಮಲ್ಲಣ್ಣ. ಅಷ್ಟು ಅಳೆದರೂ ಅವನು ಸರಿಯಾಗಿ ದೊಡ್ಡದನ್ನೇ ಎತ್ತುತ್ತಿದ್ದ, ಆಮೇಲೆ ಅದರಲ್ಲಿ ಸ್ವಲ್ಪ ಮುರಿದು ನನಗೆ ಕೊಡುತ್ತಿದ್ದ. ಗಿರಿಜಾ ಕಡೆಯ ತುಂಡು ಎತ್ತಿಕೊಂಡದ್ದನ್ನು ಆ ದಿನ ನಾನು ಕಣ್ಣಾರೆ ಕಂಡೆ. ಕಂಡು, ಬಾಯಿ ಚಪ್ಪರಿಸಿದೆ, ಅಷ್ಟೇ.

ಪೆಟ್ಟಿಗೆ ಕೂರಿಸುವ ದಿನ ಎಲ್ಲರೂ ಪಂಪಿನ ಖೋಲಿಯ ಮುಂದೆ ನೆರೆದಿದ್ದರು. ಕಾಕಾ ಹೊರಸಿನಿಂದ ಎದ್ದು ನಿಂತಿದ್ದರು, ಶಾಂತಾ ವೈನಿ ವಿಭೂತಿ ಹಚ್ಚಿ ಕಾಯಿ ಒಡೆದರು, ಗಿರಿಜಾ ಊದುಬತ್ತಿ ಹಚ್ಚಿದಳು. ಮಲ್ಲಣ್ಣ ತನ್ನ ಹೊಲದ ಬದುವಿನ ಮೇಲೆ ಸಲಿಕೆ ಹಿಡಿದು ನಿಂತಿದ್ದ, ನೀರು ಬಂದರೆ ಮಡಿ ಕಟ್ಟಲು. ನಾನು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ. ತ್ರೀಫೇಸ್ ಕರೆಂಟು ಬಂತು. ಪೆಟ್ಟಿಗೆಯ ಪರದೆ ಬೆಳಗಿ ಪಾಳಿ: ಮನಿ (ನಮ್ಮ ಕಡೆ ಮನೆಗೆ ಅನ್ನುವುದೇ ಹಾಗೆ) ಎಂಬ ಅಕ್ಷರಗಳು ಮೂಡಿದವು, ವಾಲ್ವ್ ತಾನಾಗಿ ತಿರುಗಿತು, ಮೋಟರು ಗುಂಯ್ ಎಂದಿತು, ನೀರು ಧೋ ಎಂದು ನನ್ನ ಕಬ್ಬಿಗೆ ಹರಿಯಿತು. ಆ ವಿಡಿಯೋ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಬಂತು ಬಂತು ಎಂಬ ನನ್ನ ದನಿ ಕೇಳುತ್ತದೆ. ಬೇರೆ ಯಾರ ದನಿಯೂ ಇಲ್ಲ. ಕೊನೆಯಲ್ಲಿ ಮೊಬೈಲ್ ತಿರುಗಿಸಿದಾಗ ಮಲ್ಲಣ್ಣ ಸಲಿಕೆ ಹೆಗಲಿಗೇರಿಸಿ ಮನೆಯ ಕಡೆ ಹೋಗು­ತ್ತಿರುವ ಬೆನ್ನು ಕಾಣುತ್ತದೆ. ಅವನಿಗೆ ಬೇರೆ ಏನೋ ಕೆಲಸ ಇರಬೇಕು ಎಂದುಕೊಂಡು ನಾನು ಸಂತೋಷದಿಂದಲೇ ಗೋಕಾಕಕ್ಕೆ ಮರಳಿದೆ.

ಮರುದಿನ ಕಾಕಾ ಪೆಟ್ಟಿಗೆ ಬಂದ್ ಮಾಡಿ, ಅದರ ಮೇಲೆ ಗೋಣಿಚೀಲ ಹೊದಿಸಿ, ಹಳೆಯ ಸ್ಟಾರ್ಟರಿಗೆ ಮತ್ತೆ ಬೀಗ ಹಾಕಿದರಂತೆ. ಮಲ್ಲಣ್ಣನ ಫೋನು ನಿಂತಿತು. ನಾನು ಮಾಡಿದರೆ ಹೂಂ, ಆತು, ಇಡ್ತೀನಿ; ಅಷ್ಟೇ. ಶಾಂತಾ ವೈನಿ ಬೋರ್ ಕೊರೆಯುವ ಗಾಡಿ ಯಾವಾಗ ಬರುತ್ತದೆ ಎಂದು ವಿಚಾರಿಸುತ್ತಿದ್ದಾರೆಂದು ಗಿರಿಜಾಗೆ ಮೂಡಲಗಿಯ ಸಂತೆಯಲ್ಲಿ ಯಾರೋ ಹೇಳಿದರು. ಆಗ ನಾನು ಕೋಡು ತೆರೆದು ನೋಡಿದೆ. ಪಾಳಿಯ ಮೊದಲ ಬೆಲೆ ಸೊನ್ನೆ. ಕೋಡು ಬರೆಯುವವರಿಗೆ ಸೊನ್ನೆ ಅಂದರೆ ಏನೂ ಅಲ್ಲ, ಎಲ್ಲಿಂದಲಾದರೂ ಶುರುವಾಗಬೇಕಲ್ಲ ಎಂದು ಇಡುವುದು. ನಮ್ಮ ಪೆಟ್ಟಿಗೆಯಲ್ಲಿ ಸೊನ್ನೆ ಅಂದರೆ ನಾನಾಗಿದ್ದೆ. ಮಾಳಿಗೆಯ ಖೋಲಿಯಲ್ಲಿ ಒಬ್ಬನೇ ಕೂತು ಪರೀಕ್ಷೆ ಮಾಡುವಾಗ ಮೊದಲು ನನ್ನ ಹೊಲ, ಆಮೇಲೆ ಅವನ ಹೊಲ ಎಂದು ಬರೆದಿದ್ದೆ, ಹಾಗೆಯೇ ಬಿಟ್ಟಿದ್ದೆ. ಹಂಚಿದವನೇ ಮೊದಲು ಉಂಡಿದ್ದ. ಕಂಪೈಲರ್ ಲಾಕ್ ಹಿಡಿದಿದ್ದೀರಾ ಎಂದು ಕೇಳಿತ್ತು, ಪದ್ಮಾ ಮೇಡಂ ಯಾರೂ ನೋಡದ ಹೊತ್ತು ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದ್ದರು. ಆ ಹೊತ್ತಿನಲ್ಲಿ ಏನು ಬರೆದಿರಿ ಎಂದು ಯಾರೂ ಕೇಳಿರಲಿಲ್ಲ, ಕೇಳಬೇಕಾಗಿದ್ದವನು ನಾನು.

ಮೇಲವಂಕಿಗೆ ಹೋದೆ. ಮಲ್ಲಣ್ಣ ಹೊಲದಲ್ಲಿದ್ದ, ಮನೆಯಲ್ಲಿ ವೈನಿ ಇದ್ದರು. ನಾನು ಸೊನ್ನೆಯ ವಿಚಾರವೆಲ್ಲ ವಿವರಿಸಿದೆ: ಬೇಕೆಂದು ಇಟ್ಟದ್ದಲ್ಲ, ಪರೀಕ್ಷೆಗೆ ಇಟ್ಟದ್ದು ಉಳಿದುಹೋಯಿತು, ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವರು ಚಹಾದ ಕಪ್ಪು ನನ್ನ ಮುಂದೆ ಇಟ್ಟರು, ತಾವು ನಿಂತೇ ಇದ್ದರು.

“ನೀವು ಮೋಸಾ ಮಾಡೀರಿ ಅಂತ ನಾವು ಅನ್ನಂಗಿಲ್ರಿ. ಮಾಡಾವ್ರಲ್ಲ ಅಂತ ಗೊತ್ತೈತಿ. ಖರೆ ನೀವು ಅದನ್ನ ಇಡೂ ಮುಂದ, ನಾವ್ಯಾರೂ ಅಲ್ಲಿ ಇರಲಿಲ್ಲ.”

ನನ್ನ ಇಡೀ ಸಮರ್ಥನೆ ಅದೇ ಆಗಿತ್ತು, ಅಲ್ಲಿ ಯಾರೂ ಇರಲಿಲ್ಲ ಎಂಬುದು. ಅದನ್ನೇ ಅವರು ತಿರುಗಿಸಿ ನನ್ನ ಮುಂದೆ ಇಟ್ಟರು. ಚಹಾ ಆರಿತು. ಬರುವ ಸೋಮವಾರ ಪಂಪಿನ ಖೋಲಿಗೇ ಲ್ಯಾಪ್‌ಟಾಪ್ ತರುತ್ತೇನೆ, ಎಲ್ಲರೂ ಇರಿ, ನಿಮ್ಮ ಕಣ್ಣೆದುರೇ ಮೊದಲಿನಿಂದ ಇಡೋಣ, ಮೊದಲ ಪಾಳಿ ಅಣ್ಣನದು ಎಂದು ಹೇಳಿ ಎದ್ದೆ. ಬರ್ತೀವಿ ಎಂದರು. ಬೋರಿನ ಗಾಡಿಯ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಸೋಮವಾರ ಎಲ್ಲರೂ ಬಂದರು. ಮಲ್ಲಣ್ಣ ಬಾಗಿಲಿಗೆ ಒರಗಿ, ಕೈ ಕಟ್ಟಿಕೊಂಡು ನಿಂತ. ನಾನು ಗೋಣಿಚೀಲ ತೆಗೆದು, ತಂತಿ ಜೋಡಿಸಿ, ಲ್ಯಾಪ್‌ಟಾಪ್ ಮೊಣಕಾಲ ಮೇಲೆ ಇಟ್ಟುಕೊಂಡೆ. ಕಾಕಾ ಉಡದಾರದಿಂದ ಕೀಲಿಕೈ ಬಿಚ್ಚಿ ನನ್ನ ಮುಂದೆ ಹಿಡಿದರು. ಕಾಕಾ, ಈ ಪೆಟ್ಟಿಗೆಗೆ ಕೀಲಿಕೈ ಬೇಕಾಗುವುದಿಲ್ಲ ಎಂದೆ.

“ಪೆಟಗಿಗೆ ಬ್ಯಾಡ. ನಮಗ ಬೇಕು. ಹಿಡಿ.”

ಹಿಡಿದೆ. ಒಂದು ಕೈಯಲ್ಲಿ ಯಾವ ಬೀಗವನ್ನೂ ತೆಗೆಯಬೇಕಾಗಿಲ್ಲದ ಕೀಲಿಕೈ, ಇನ್ನೊಂದು ಕೈಯಿಂದ ಟೈಪು. ಬರೆಯುವ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದೆ. ಸೊನ್ನೆ ಹೋಯಿತು, ಮೊದಲ ಪಾಳಿ ಮಲ್ಲಣ್ಣನದಾಯಿತು. ವೈನಿ ಬಗ್ಗಿ ನೋಡಿ ತಲೆ ಆಡಿಸಿದರು. ಕಾಕಾ ಕೀಲಿಕೈ ತಿರುಗಿ ಇಸಿದುಕೊಂಡರು. ಕರೆಂಟು ಬಂತು, ವಾಲ್ವ್ ಮಲ್ಲಣ್ಣನ ಹೊಲದ ಕಡೆ ತಿರುಗಿತು, ಪರದೆ ಬೆಳಗಿತು. ಪರದೆಯ ಅಕ್ಷರ ಕನ್ನಡದಲ್ಲೇ ಇರಬೇಕು, ನಮ್ಮ ರೈತರು ಓದುವಂತಿರಬೇಕು ಎಂದು ಕಂಪನಿಯಲ್ಲಿ ಹಠ ಹಿಡಿದು ಸಾಧಿಸಿದವನು ನಾನೇ. ಮಲ್ಲಣ್ಣ ಹತ್ತಿರ ಬಂದು ಓದಿದ. ಪಾಳಿ: ಇತರೆ.

ಅದನ್ನು ಬರೆದ ಗಳಿಗೆ ನನಗೆ ಚೆನ್ನಾಗಿ ನೆನಪಿದೆ, ಅಂದರೆ ಅದರಲ್ಲಿ ನೆನಪಿಡುವಂಥದ್ದು ಏನೂ ಇರಲಿಲ್ಲ ಎಂಬುದು ನೆನಪಿದೆ. ನನ್ನ ಹೊಲಕ್ಕೊಂದು ಹೆಸರು ಬೇಕಿತ್ತು, ಮನಿ ಎಂದು ಇಟ್ಟೆ. ಇನ್ನೊಂದಕ್ಕೂ ಹೆಸರು ಬೇಕಿತ್ತು, ಬೆರಳಿಗೆ ಬಂದದ್ದು ಅದು. ಪಾಳಿ ಬದಲಿಸುವಾಗ ಅದರ ಕಡೆ ನಾನು ನೋಡಿಯೂ ಇರಲಿಲ್ಲ. ಹಗ್ಗ ಕಟ್ಟಿ ಈಜು ಕಲಿಸಿದವನ ಮುಂದೆ ನಿಂತು ಆ ಅಕ್ಷರಗಳನ್ನು ಓದುವಾಗ, ಒಡೆದ ಪೈಪೇ ವಾಸಿಯಾಗಿತ್ತು ಅನ್ನಿಸಿತು. ಮಲ್ಲಣ್ಣ ಸಿಟ್ಟು ಮಾಡಲಿಲ್ಲ. ನನ್ನ ಕಡೆ ತಿರುಗಿ, ನಿನ್ನ ಹೊಲಕ್ಕೆ ಏನಂತ ಇದೆ ಎಂದು ಕೇಳಿದ. ಮನಿ ಅಂತ ಎಂದೆ.

“ಹಂಗಾರ ನಮಗೂ ಅದನ್ನ ಹಾಕು.”

ಎರಡಕ್ಕೂ ಒಂದೇ ಹೆಸರು ಇಟ್ಟರೆ ಯಾರ ಪಾಳಿ ಎಂದು ಗೊತ್ತಾಗುವುದು ಹೇಗೆ ಅಣ್ಣಾ ಎಂದೆ. ಇಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಆ ಪ್ರಶ್ನೆ. ಅವನು ಸಲಿಕೆ ಎತ್ತಿಕೊಂಡ, ನೀರು ಆಗಲೇ ಅವನ ಬದುವಿಗೆ ತಲುಪಿತ್ತು.

“ಕೇಳಿದ್ರಾತು.”

ಹಾಕಿದೆ. ಪದ್ಮಾ ಮೇಡಂ ಅದನ್ನು ನೋಡಿ, ಸರ್, ಎರಡೂ ಕಡೆ ಒಂದೇ ಹೆಸರು ಬಿದ್ದಿದೆ, ತಪ್ಪೇ ಎಂದು ಕೇಳಿದರು. ತಪ್ಪಲ್ಲ, ಎಲ್ಲರೂ ಇದ್ದಾಗ ಇಟ್ಟದ್ದು ಎಂದು ಬರೆದೆ. ಕಂಪೈಲರ್ ಈ ಬಗ್ಗೆ ಏನೂ ಹೇಳಲಿಲ್ಲ. ಬೋರಿನ ಗಾಡಿ ನಮ್ಮ ಕಡೆ ಬರಲಿಲ್ಲ. ನಮ್ಮ ಬಾವಿಯ ಪೆಟ್ಟಿಗೆ ಈಗ ಪಾಳಿ: ಮನಿ ಎಂದೇ ತೋರಿಸುತ್ತದೆ, ಸರದಿ ಬದಲಾದರೂ ಅದೇ. ಯಾರ ಪಾಳಿ ಎಂದು ಯಾರೂ ಯಾರನ್ನೂ ಕೇಳಬೇಕಾಗದಂತೆ ಮಾಡುವುದಕ್ಕೆಂದು ನಾನು ಆ ಪೆಟ್ಟಿಗೆಯ ಕೋಡು ಬರೆದಿದ್ದೆ. ಈಗ ಬೆಳಿಗ್ಗೆ ಎದ್ದು ಮಲ್ಲಣ್ಣನಿಗೆ ಫೋನ್ ಮಾಡಿ, ಅಣ್ಣಾ, ಇವತ್ತು ಯಾರ ಪಾಳಿ ಎಂದು ಕೇಳುತ್ತೇನೆ. ಒಮ್ಮೊಮ್ಮೆ ಗೊತ್ತಿದ್ದೂ ಕೇಳುತ್ತೇನೆ.